ಕೋಟೆಯ ಮುಖ ಎತ್ತ ಕಡೆಗೆ

ಕೋಟೆಗೆ ಹೋದವರು ಮೊದಲು ನೋಡಬೇಕಾದ್ದು ಗೋಡೆ ಎಷ್ಟು ಎತ್ತರವಿದೆ ಎಂದಲ್ಲ, ಅದು ಯಾರ ಕಡೆಗೆ ಮುಖ ಮಾಡಿ ನಿಂತಿದೆ ಎಂದು. ಶ್ರೀರಂಗಪಟ್ಟಣದ ಹೈಸ್ಕೂಲೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಷ್ಟು ಕಾಲವೂ ಮಕ್ಕಳನ್ನು ಕೋಟೆಯ ಮೇಲೆ ನಿಲ್ಲಿಸಿ ಇದನ್ನೇ ಹೇಳಿಕೊಟ್ಟೆ. ನಮ್ಮ ಪಟ್ಟಣದ ಬುರುಜುಗಳು ಕಾವೇರಿಯ ಕಡೆಗೆ ನೋಡುತ್ತವೆ. ಅವುಗಳ ಬೆನ್ನಿಗೆ ರಂಗನಾಥನ ಗುಡಿ, ಪೇಟೆಬೀದಿ, ಜನರ ಮನೆಗಳು. ಊರು ಒಳಗೆ, ವೈರಿ ಹೊರಗೆ. ಚಿತ್ರದುರ್ಗದ ಏಳು ಸುತ್ತುಗಳಲ್ಲೂ ಹೊಂಡ, ಕಣಜ, ಗುಡಿ ಎಲ್ಲ ಒಳಗೇ ಇವೆ.

ಬ್ರಿಟನ್ನಿನ ಕೋಟೆಗಳನ್ನು ನೋಡುವ ಆಸೆ ನನಗೆ ತುಂಬ ಹಳೆಯದು. ನಿವೃತ್ತಿಯಾದ ಮೇಲೆ ಕೂಡಿಬಂತು. ಬೆಂಗಳೂರು, ಮೈಸೂರು, ಶಿವಮೊಗ್ಗ, ಮಡಿಕೇರಿಗಳಿಂದ ಬಂದವರ ಗುಂಪು, ಒಂದು ದೊಡ್ಡ ಕೋಚ್, ನಮ್ಮವರೇ ಆದ ಟೂರ್ ಮ್ಯಾನೇಜರ್, ಊರೂರಿಗೆ ಹತ್ತಿ ಇಳಿಯುವ ಅಲ್ಲಿನ ಗೈಡ್‌ಗಳು. ಅಲ್ಲಿ ನಾಲ್ಕೂವರೆ ಗಂಟೆ ಬಸ್ಸು ಓಡಿಸಿದ ಚಾಲಕ ಮುಕ್ಕಾಲು ಗಂಟೆ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ಅದು ಕಾನೂನು. ಹೆದ್ದಾರಿ ಬದಿಯ ಆ ಬಿಡುವುಗಳಲ್ಲಿ ಚಟ್ನಿಪುಡಿ ಡಬ್ಬಿಗಳು ಹೊರಬರುತ್ತಿದ್ದವು, ನಾನು ನೋಟ್‌ಬುಕ್ ತೆರೆಯುತ್ತಿದ್ದೆ. ಪ್ರತಿ ಕೋಟೆಗೂ ಒಂದು ಪುಟ, ಪುಟದ ನೆತ್ತಿಯಲ್ಲಿ ಅದೇ ಪ್ರಶ್ನೆ: ಮುಖ ಎತ್ತ?

ಲಂಡನ್ ಟವರ್‌ನಲ್ಲೇ ಮೊದಲ ಉತ್ತರ ಸಿಕ್ಕಿತು. ನಾರ್ಮಂಡಿಯ ವಿಲಿಯಂ 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಇಂಗ್ಲೆಂಡಿನ ರಾಜ ಹೆರಾಲ್ಡ್‌ನನ್ನು ಕೊಂದು ಗೆದ್ದ. ಅದೇ ವರ್ಷ ಕ್ರಿಸ್‌ಮಸ್ ದಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನಿಗೆ ಪಟ್ಟವಾಯಿತು. ಒಳಗೆ ಜನ ಜಯಕಾರ ಹಾಕಿದಾಗ ಹೊರಗಿದ್ದ ನಾರ್ಮನ್ ಕಾವಲಿನವರು ಅದನ್ನು ದಂಗೆಯ ಗದ್ದಲವೆಂದು ತಿಳಿದು ಅಕ್ಕಪಕ್ಕದ ಮನೆಗಳಿಗೆ ಬೆಂಕಿ ಹಚ್ಚಿದರು. ಗೆದ್ದವರ ಎದೆಯಲ್ಲಿ ಅಷ್ಟು ಹೆದರಿಕೆ ಇತ್ತು. ಆ ಹೆದರಿಕೆಯಿಂದಲೇ ಟವರ್ ಹುಟ್ಟಿತು.

ಲಂಡನ್ನಿಗೆ ರೋಮನ್ನರ ಕಾಲದ ಪೌಳಿಗೋಡೆ ಆಗಲೇ ಇತ್ತು. ವಿಲಿಯಂ ಅದರ ಆಗ್ನೇಯ ಮೂಲೆಯನ್ನು ಆರಿಸಿಕೊಂಡ. ಪೂರ್ವಕ್ಕೂ ದಕ್ಷಿಣಕ್ಕೂ ರೋಮನ್ ಗೋಡೆ ಇದ್ದುದರಿಂದ ಹೊಸದಾಗಿ ಏನೂ ಬೇಕಾಗಲಿಲ್ಲ. ಅವನು ಹೊಸದಾಗಿ ಅಗಳು ತೋಡಿಸಿದ್ದು ಉತ್ತರಕ್ಕೆ ಮತ್ತು ಪಶ್ಚಿಮಕ್ಕೆ, ಅಂದರೆ ಊರಿನ ಕಡೆಗೆ. ಊರನ್ನು ಕಾಯುವ ಕೋಟೆಗೆ ಊರಿನ ಕಡೆ ಅಗಳು ಯಾಕೆ ಬೇಕು? 1070ರ ದಶಕದ ಕೊನೆಯ ಹೊತ್ತಿಗೆ ಅದರೊಳಗೆ ವೈಟ್ ಟವರ್ ಏಳತೊಡಗಿತು. ಮೇಲ್ವಿಚಾರಣೆ ರೋಚೆಸ್ಟರ್‌ನ ಬಿಷಪ್ ಗಂಡುಲ್ಫ್‌ನದು. ಅಂಚಿನ ಕೆಲಸಕ್ಕೆ ಬೇಕಾದ ನಯವಾದ ಕಲ್ಲು ನಾರ್ಮಂಡಿಯ ಕಾನ್ ಊರಿನಿಂದ ಹಡಗಿನಲ್ಲಿ ಬಂತು. 27 ಮೀಟರ್ ಎತ್ತರದ ಆ ಕಟ್ಟಡದ ಬಾಗಿಲು ನೆಲಮಟ್ಟದಲ್ಲಿಲ್ಲ, ಒಂದು ಅಂತಸ್ತು ಮೇಲಿದೆ. ಬೇಡವೆನಿಸಿದಾಗ ಮರದ ಮೆಟ್ಟಿಲನ್ನು ಕಳಚಿಟ್ಟರೆ ಆಯಿತು. ಮರದ ಅಟ್ಟಗಳೂ ಗುಡಿಸಲುಗಳೂ ತುಂಬಿದ್ದ ಊರಿನ ಜನಕ್ಕೆ ಪ್ರತಿದಿನ ಬೆಳಗೆದ್ದು ಇದರ ಮುಖ ನೋಡಬೇಕಿತ್ತು.

ಅಲ್ಲಿ ಗೈಡ್ ಕೆಲಸ ಮಾಡುವವರು ಯೋಮನ್ ವಾರ್ಡರ್‌ಗಳು. ಸೇನೆಯಲ್ಲಿ ಕನಿಷ್ಠ 22 ವರ್ಷ ಸೇವೆ ಮಾಡಿ ಒಳ್ಳೆಯ ನಡತೆಯ ಪದಕ ಪಡೆದವರಿಗೆ ಮಾತ್ರ ಆ ಕೆಲಸ. ಕೆಂಪು ಅಂಚಿನ ಕಡುನೀಲಿ ನಿಲುವಂಗಿ ತೊಟ್ಟ ನಮ್ಮ ವಾರ್ಡರ್‌ನ ದನಿ ಮೈಕಿಲ್ಲದೆಯೇ ಮೈದಾನದ ಕೊನೆಯವರೆಗೆ ಮುಟ್ಟುತ್ತಿತ್ತು. ರಾಣಿ ಆನ್ ಬೊಲಿನ್‌ಳ ತಲೆ ಹೋದ ಕಥೆ ಹೇಳುವಾಗ ಇಡೀ ಗುಂಪು ಉಸಿರು ಬಿಗಿಹಿಡಿದಿತ್ತು. ರಾಣಿಯರ ಕಥೆಗಳಿಗೆ ಜನ ಸೋಲುವುದು ಸಹಜವೇ. ನನಗೆ ಮಾತ್ರ ಅಗಳು ತೋಡಲು ಹಿಡಿದುತಂದ ಲಂಡನ್ನಿನ ಜನರ ಬಗ್ಗೆ ಎರಡು ಮಾತು ಕೇಳಬೇಕಿತ್ತು.

ಅಂಥ ಎರಡು ಮಾತು ಲಿಂಕನ್‌ನಲ್ಲಿ ಸಿಕ್ಕಿತು, ಅದೂ ಸರ್ಕಾರಿ ದಾಖಲೆಯಲ್ಲೇ. 1086ರಲ್ಲಿ ವಿಲಿಯಂ ಮಾಡಿಸಿದ ಡೂಮ್ಸ್‌ಡೇ ಲೆಕ್ಕದ ಪ್ರಕಾರ ಲಿಂಕನ್ ಕೋಟೆಗಾಗಿ 166 ಮನೆಗಳು ಹೋದವು. ಕೋಟೆ ಕಟ್ಟಿದ್ದು 1068ರಲ್ಲಿ. ಕನ್ನಂಬಾಡಿ ಕಟ್ಟೆ ಕಟ್ಟುವಾಗ, ಹೊಸ ಹೊಲಕ್ಕೆ ನೀರು ಬರುತ್ತದೆಂದು ಊರು ಬಿಟ್ಟವರ ಮಾತನ್ನು ಕಾವೇರಿ ಬಯಲಿನಲ್ಲಿ ಕೇಳಿ ಬೆಳೆದವಳು ನಾನು. ಇಲ್ಲಿ ಮನೆ ಕಳೆದುಕೊಂಡವರಿಗೆ ಅಂಥ ಆಸೆಯ ಮಾತನ್ನೂ ಯಾರೂ ಹೇಳಿರಲಾರರು. ಇದೇ ಕೋಟೆಯೊಳಗೆ ಇಂದು 1215ರ ಮ್ಯಾಗ್ನಾ ಕಾರ್ಟಾದ ಉಳಿದ ನಾಲ್ಕು ಮೂಲ ಪ್ರತಿಗಳಲ್ಲಿ ಒಂದನ್ನು ಮಬ್ಬು ಬೆಳಕಿನಲ್ಲಿ ಇಟ್ಟಿದ್ದಾರೆ. ಎಲ್ಲರೂ ಸಾಲಿನಲ್ಲಿ ನಿಂತು ಅದನ್ನು ನೋಡಿದರು, ನಾನೂ ನೋಡಿದೆ. ಆದರೆ ನನ್ನ ಪುಟದಲ್ಲಿ ದೊಡ್ಡದಾಗಿ ಬರೆದುಕೊಂಡ ಅಂಕಿ 166.

ಯಾರ್ಕ್‌ನ ಪುಟ ಮುಗಿಯುವುದೇ ಇಲ್ಲ. ಉತ್ತರದ ಜನ ವಿಲಿಯಂಗೆ ತಲೆಬಾಗಲಿಲ್ಲವೆಂದು 1068ರಲ್ಲಿ ಒಂದು, 1069ರಲ್ಲಿ ಇನ್ನೊಂದು ಕೋಟೆ ಕಟ್ಟಿಸಿದ, ಊಸ್ ನದಿಯ ಆಚೆಗೊಂದು ಈಚೆಗೊಂದು. ಮಣ್ಣನ್ನು ಗುಡ್ಡದಂತೆ ಪೇರಿಸಿ ನೆತ್ತಿಯ ಮೇಲೆ ಮರದ ಗೋಪುರ ನಿಲ್ಲಿಸುವುದು ನಾರ್ಮನ್ನರ ಪದ್ಧತಿ. ಅವಸರಕ್ಕೆ ಅದೇ ಸರಿ. ಆದರೂ ದಂಗೆ ನಿಲ್ಲಲಿಲ್ಲ. 1069-70ರ ಚಳಿಗಾಲದಲ್ಲಿ ಅವನ ಸೈನ್ಯ ಉತ್ತರದ ಹಳ್ಳಿಗಳನ್ನು ಸುಟ್ಟು, ದವಸ, ದನ, ನೇಗಿಲು ಏನನ್ನೂ ಉಳಿಸದೆ ನಾಶಮಾಡಿತು. ಹಸಿವಿನಿಂದ ಸತ್ತವರಿಗೆ ಲೆಕ್ಕವಿಲ್ಲ. ಹದಿನಾರು ವರ್ಷ ಕಳೆದರೂ ಡೂಮ್ಸ್‌ಡೇ ಪುಸ್ತಕ ಆ ಸೀಮೆಯ ಊರೂರನ್ನು ಪಾಳು ಎಂದೇ ಬರೆದುಕೊಂಡಿದೆ.

ಆ ಎರಡರಲ್ಲಿ ಒಂದು ಮಣ್ಣುಗುಡ್ಡದ ಮೇಲೆ ಈಗ ಕ್ಲಿಫರ್ಡ್ಸ್ ಟವರ್ ಇದೆ. ನಾಲ್ಕು ಎಸಳಿನ ಹೂವಿನ ಆಕಾರದ ಕಲ್ಲಿನ ಗೋಪುರ, 13ನೇ ಶತಮಾನದ್ದು. ಅದಕ್ಕೂ ಹಿಂದೆ ಅಲ್ಲಿದ್ದ ಮರದ ಗೋಪುರದಲ್ಲಿ 1190ರ ಮಾರ್ಚ್ 16ರಂದು ನಡೆದದ್ದನ್ನು ಯಾರ್ಕ್‌ನ ಗೈಡ್ ದನಿ ತಗ್ಗಿಸದೆ, ಏರಿಸದೆ ಹೇಳಿದರು. ಊರಿನಲ್ಲಿ ಯಹೂದಿ ಕುಟುಂಬಗಳಿದ್ದವು. ಬಡ್ಡಿಗೆ ಸಾಲ ಕೊಡುವುದೇ ಅವರಿಗೆ ಬಿಟ್ಟ ಕಸುಬು. ಮೊದಲನೆಯ ರಿಚರ್ಡ್‌ಗೆ ಪಟ್ಟವಾಗುತ್ತಲೇ ಲಂಡನ್ನಿನಲ್ಲಿ ಯಹೂದಿಗಳ ಮೇಲೆ ಹಲ್ಲೆ ಶುರುವಾಗಿ ಅದು ಊರಿಂದೂರಿಗೆ ಹಬ್ಬಿತು. ಯಾರ್ಕ್‌ನಲ್ಲಿ ಮುಂದೆ ನಿಂತವರಲ್ಲಿ ಅವರಿಗೆ ಸಾಲ ತೀರಿಸಬೇಕಿದ್ದ ಜಮೀನುದಾರರಿದ್ದರು. ಯಹೂದಿಗಳು ರಾಜನ ರಕ್ಷಣೆಯಲ್ಲಿದ್ದ ಜನ, ಹಾಗಾಗಿ ರಾಜನ ಕೋಟೆಗೆ ಓಡಿಬಂದರು. ಸುಮಾರು 150 ಮಂದಿ. ಕೆಳಗೆ ಗುಂಪು, ಗುಂಪಿನ ಜೊತೆ ರಾಜನ ಸೈನಿಕರೂ. ಉಳಿಯುವ ದಾರಿಯಿಲ್ಲವೆಂದು ಕಂಡಾಗ ಗಂಡಸರು ತಮ್ಮ ಹೆಂಡತಿ ಮಕ್ಕಳನ್ನು ಕೊಂದು ತಾವೂ ಪ್ರಾಣ ಬಿಟ್ಟರು. ಗೋಪುರ ಹತ್ತಿ ಉರಿಯಿತು. ಜೀವಭಯದಿಂದ ಶರಣಾಗಿ ಹೊರಬಂದ ಕೆಲವರನ್ನು ಗುಂಪು ಕಡಿದುಹಾಕಿತು. ಆಮೇಲೆ ಆ ಗುಂಪು ದೊಡ್ಡ ಇಗರ್ಜಿಗೆ ನಡೆದು, ಅಲ್ಲಿ ಇಟ್ಟಿದ್ದ ಸಾಲಪತ್ರಗಳನ್ನು ತೆಗೆದು ಸುಟ್ಟಿತು.

ಇದು ಯಾರ ಕಡೆಗೂ ಮುಖ ಮಾಡದ ಕೋಟೆ. ಜನರ ಮೇಲೆ ಕಾವಲಿಗೆಂದು ಎದ್ದ ಗೋಪುರ, ತನ್ನನ್ನು ನಂಬಿ ಒಳಗೆ ಬಂದವರನ್ನೂ ಕಾಯಲಿಲ್ಲ. ಗುಡ್ಡದ ಬುಡದಲ್ಲಿ 1978ರಲ್ಲಿ ನೆನಪಿನ ಕಲ್ಲು ಇಟ್ಟಿದ್ದಾರೆ. ಸುಮಾರು ಎಂಟುನೂರು ವರ್ಷ ಬೇಕಾಯಿತು. ವಸಂತದಲ್ಲಿ ಆ ಇಳಿಜಾರಿನ ತುಂಬ ಆರು ಎಸಳಿನ ಹಳದಿ ಡ್ಯಾಫೊಡಿಲ್ ಅರಳುತ್ತವಂತೆ. ನಾವು ಹೋದಾಗ ಬರೀ ಹುಲ್ಲಿತ್ತು.

ಯಾರ್ಕ್‌ನ ಜನರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಊರಿನ ಸುತ್ತ ಸುಮಾರು 3.4 ಕಿಲೋಮೀಟರ್ ಹಳೆಯ ಕೋಟೆಗೋಡೆ ಉಳಿದಿದೆ, ಅದರ ಮೇಲೆ ನಡೆದಾಡಬಹುದು. 1800ರ ಸುಮಾರಿಗೆ ಊರಿನ ಆಡಳಿತವೇ ಅದನ್ನು ಕೆಡವಲು ಹೊರಟಿತ್ತು. ಚಿತ್ರಕಾರ ವಿಲಿಯಂ ಎಟ್ಟಿಯಂಥವರು ದನಿಯೆತ್ತಿ ಉಳಿಸಿಕೊಂಡರು. 1951ರಿಂದ ಅಲ್ಲಿ ಊರಿನವರೇ ಒಂದು ಸಂಘ ಮಾಡಿಕೊಂಡು ಬಂದವರಿಗೆಲ್ಲ ಊರು ತೋರಿಸುತ್ತಾರೆ. ಶುಲ್ಕವಿಲ್ಲ, ಕೈಗೆ ಕಾಸು ಕೊಟ್ಟರೂ ಮುಟ್ಟುವುದಿಲ್ಲ. ನಮ್ಮನ್ನು ಕರೆದೊಯ್ದವರೂ ಅವರಲ್ಲಿ ಒಬ್ಬರು. ಬಾಗಿಲ ಮೇಲೆ ಕಡಿದ ತಲೆಗಳನ್ನು ಸಿಕ್ಕಿಸುತ್ತಿದ್ದ ಮಿಕಲ್‌ಗೇಟ್ ಬಾರ್ ಅನ್ನೂ ಕಟುಕರ ಬೀದಿಯಾಗಿದ್ದ ಷಾಂಬಲ್ಸನ್ನೂ ತೋರಿಸುವಾಗ ಅವರ ಮುಖದಲ್ಲಿದ್ದ ಅಕ್ಕರೆಯನ್ನು ನಾನು ಬಲ್ಲೆ. ಪಾಠ ಮಾಡಿದವರೆಲ್ಲ ಬಲ್ಲರು.

ಬಾತ್, ವಾರಿಕ್, ಸ್ಟ್ರಾಟ್‌ಫರ್ಡ್‌ಗಳನ್ನು ಬೇಗ ದಾಟುತ್ತೇನೆ, ನಮ್ಮ ಬಸ್ಸೂ ಹಾಗೇ ದಾಟಿತು. ಆಲ್ನಿಕ್ ಕೋಟೆಯಲ್ಲಿ ನಮ್ಮ ಗುಂಪಿನ ಮಕ್ಕಳು ಹ್ಯಾರಿ ಪಾಟರ್ ಸಿನಿಮಾದ ಅಂಗಳದಲ್ಲಿ ಪೊರಕೆ ಹಿಡಿದು ಕುಣಿದರು. ನಾನು ನೆನೆದದ್ದು ಅಲ್ಲಿಯ ಯಜಮಾನಿಯಾಗಿದ್ದ ಶಾರ್ಲಟ್ ಎಂಬ ಡಚೆಸ್‌ಳನ್ನು. ವಿಕ್ಟೋರಿಯಾ ರಾಣಿಗೆ ಬಾಲ್ಯದಲ್ಲಿ ಅಧಿಕೃತ ಗವರ್ನೆಸ್ ಆಗಿದ್ದವಳು ಇವಳು. ಕ್ಲೈವಿಯಾ ಎಂಬ ಕೇಸರಿ ಹೂವಿನ ಗಿಡಕ್ಕೆ ಆ ಹೆಸರು ಬಂದಿರುವುದು ಇವಳ ತವರುಮನೆಯಿಂದ. ಹದಿಮೂರರ ವಯಸ್ಸಿನಲ್ಲಿ, 1800ರಲ್ಲಿ, ತಾಯಿಯ ಜೊತೆ ನಮ್ಮ ಶ್ರೀರಂಗಪಟ್ಟಣ ನೋಡಿಹೋಗಿದ್ದಳು. ಆ ಕಥೆಗೆ ಆಮೇಲೆ ಬರುತ್ತೇನೆ.

ಎಡಿನ್‌ಬರೋ ಬಂಡೆಯ ಮೇಲೆ ನಿಂತಾಗ ನನ್ನ ಪ್ರಶ್ನೆಗೆ ಬೇರೆಯದೇ ಉತ್ತರ ಬಂತು. 1314ರ ಮಾರ್ಚಿನ ಒಂದು ರಾತ್ರಿ ಸ್ಕಾಟಿಷ್ ಸೇನಾನಿ ಥಾಮಸ್ ರ‍್ಯಾಂಡಾಲ್ಫ್ ಮೂವತ್ತು ಜನರೊಂದಿಗೆ ಆ ಕಡಿದಾದ ಉತ್ತರದ ಬಂಡೆ ಹತ್ತಿ ಇಂಗ್ಲಿಷರ ಕೈಯಿಂದ ಕೋಟೆ ಕಸಿದ. ದಾರಿ ತೋರಿದವನು ವಿಲಿಯಂ ಫ್ರಾನ್ಸಿಸ್. ಹಿಂದೆ ಕೋಟೆಯಲ್ಲಿದ್ದಾಗ ಊರಿನಲ್ಲಿದ್ದ ಹುಡುಗಿಯನ್ನು ಕಾಣಲು ಗುಟ್ಟಾಗಿ ಆ ದಾರಿಯಲ್ಲಿ ಇಳಿಯುತ್ತಿದ್ದವನು. ಒನಕೆ ಓಬವ್ವನ ಕಿಂಡಿಯ ಕಥೆ ಕೇಳಿ ಬೆಳೆದ ನಮ್ಮ ಗುಂಪು ಇದಕ್ಕೆ ಕಿವಿಯರಳಿಸಿತು. ಆದರೆ ನನಗೆ ಮುಖ್ಯವಾದದ್ದು ಆಮೇಲೆ ಸ್ಕಾಟ್‌ಲೆಂಡಿನ ರಾಜ ರಾಬರ್ಟ್ ಬ್ರೂಸ್ ಮಾಡಿದ್ದು. ಗೆದ್ದ ಕೋಟೆಯನ್ನು ತಾನೇ ಕೆಡವಿಸಿದ, ಇಂಗ್ಲಿಷರು ಮತ್ತೆ ಬಂದು ಸೇರಿಕೊಂಡು ಜನರ ಮೇಲೆ ಅದನ್ನು ತಿರುಗಿಸಬಾರದೆಂದು. 12ನೇ ಶತಮಾನದ ಸೇಂಟ್ ಮಾರ್ಗರೆಟ್ ಚಾಪೆಲ್ ಎಂಬ ಪುಟ್ಟ ಗುಡಿಯೊಂದೇ ಉಳಿಯಿತು. ಇಂದೂ ಆ ಊರಿನ ಅತ್ಯಂತ ಹಳೆಯ ಕಟ್ಟಡ ಅದೇ.

ಕೋಟೆಗಳನ್ನು ನೋಡಲು ಜನ ಗುಂಪುಗಟ್ಟಿ ಬರುವ ಪದ್ಧತಿಯ ಬೇರು ಇರುವುದೂ ಇಲ್ಲೇ ಎನ್ನಬಹುದು. ವಾಲ್ಟರ್ ಸ್ಕಾಟ್ 1814ರಿಂದ ಬರೆದ ಐತಿಹಾಸಿಕ ಕಾದಂಬರಿಗಳನ್ನು ಓದಿದವರಿಗೆ ಆ ಜಾಗಗಳನ್ನು ಕಣ್ಣಾರೆ ಕಾಣುವ ಹಂಬಲ ಹುಟ್ಟಿತು. 1707ರಲ್ಲಿ ಸ್ಕಾಟ್‌ಲೆಂಡ್ ಇಂಗ್ಲೆಂಡಿನೊಂದಿಗೆ ಒಂದಾದಾಗ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ ರಾಜಕಿರೀಟ, ಖಡ್ಗ, ದಂಡಗಳು ಇವೆಯೋ ಇಲ್ಲವೋ ಎಂದೇ ಜನ ಮರೆತಿದ್ದರು. 1818ರಲ್ಲಿ ಸ್ಕಾಟ್ ಮತ್ತು ಅವನ ಜೊತೆಯವರು ಕೋಟೆಯ ಆ ಕೋಣೆ ತೆರೆಸಿ, ಪೆಟ್ಟಿಗೆ ಒಡೆಸಿ ಹೊರತೆಗೆದರು. ಮರುವರ್ಷದಿಂದ ಅದು ಎಲ್ಲರ ನೋಟಕ್ಕೆ ತೆರೆಯಿತು.

ಆದರೆ ಅದನ್ನು ನೋಡಲು ಹೋಗುವ ಶಕ್ತಿ ಯಾರಿಗಿತ್ತು? ದೊಡ್ಡವರ ಗಾಡಿಗಳಿಗೆ ಮಾತ್ರ. ಸಿರಿವಂತರು ಅರಮನೆ, ಕೋಟೆಗಳ ಬಾಗಿಲು ತಟ್ಟಿದರೆ ಮನೆಯ ಮೇಲ್ವಿಚಾರಕಿ ಬಂದು ಕೋಣೆ ಕೋಣೆ ತೋರಿಸಿ ಇನಾಮು ಪಡೆಯುತ್ತಿದ್ದಳು. ಬಡವರಿಗೆ ಬಾಗಿಲು ತೆರೆದವನು ಥಾಮಸ್ ಕುಕ್. ಡರ್ಬಿಷೈರಿನ ಬಡ ಮನೆಯಲ್ಲಿ 1808ರಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು, ಮರಗೆಲಸ ಕಲಿತು, ಊರೂರು ನಡೆದು ಧರ್ಮಬೋಧೆ ಮಾಡಿದವನು. ಕುಡಿತ ಬಿಡಿಸುವ ಚಳವಳಿಯ ಹುಚ್ಚು ಅವನಿಗೆ. ಒಂದು ಸಭೆಗೆಂದು ಮಾರ್ಕೆಟ್ ಹಾರ್‌ಬರೋದಿಂದ ಲೆಸ್ಟರಿಗೆ ನಡೆದು ಹೋಗುವಾಗ, ಜನರನ್ನು ರೈಲಿನಲ್ಲಿ ಒಟ್ಟಿಗೆ ಕರೆದೊಯ್ದರೆ ಹೇಗೆ ಎಂದು ಹೊಳೆಯಿತು. 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೋವಿಗೆ ಸುಮಾರು 500 ಜನರನ್ನು ತಲೆಗೆ ಒಂದು ಶಿಲ್ಲಿಂಗ್‌ನಂತೆ ಕರೆದೊಯ್ದ. 1845ರಲ್ಲಿ ಲಿವರ್‌ಪೂಲ್‌ಗೆ ಕರೆದೊಯ್ದಾಗ ಬಯಸಿದವರನ್ನು ಸಮುದ್ರದ ಮೇಲೆ ಕೈನಾರ್ವನ್ ಕೋಟೆಗೂ ಸ್ನೋಡನ್ ಬೆಟ್ಟಕ್ಕೂ ಒಯ್ದ. ಮರುವರ್ಷ ಸ್ಕಾಟ್‌ಲೆಂಡ್: ಸುಮಾರು 350 ಜನ, ಲೆಸ್ಟರಿನಿಂದ ಫ್ಲೀಟ್‌ವುಡ್‌ವರೆಗೆ ರೈಲು, ಅಲ್ಲಿಂದ ಆರ್ಡ್ರೊಸನ್‌ಗೆ ಹಡಗು, ಮತ್ತೆ ರೈಲು. ಹಡಗಿನಲ್ಲಿ ಎಲ್ಲರಿಗೂ ಕೋಣೆ ಸಾಲದೆ ಅನೇಕರು ರಾತ್ರಿಯೆಲ್ಲ ಮಳೆಯಲ್ಲೇ ಕಳೆದರು. ಗ್ಲಾಸ್ಗೋದಲ್ಲಿ ಇಳಿದಾಗ ವಾದ್ಯದವರು ಸ್ವಾಗತಿಸಿದರು. ಕಾರ್ಖಾನೆಯ, ಅಂಗಡಿಯ ಜನ ರಾಜರ ಕೋಟೆಯೊಳಗೆ ತಲೆಯೆತ್ತಿ ನಡೆದದ್ದು ಹೀಗೆ. ಗುಂಪು ಪ್ರವಾಸವನ್ನು ಯಾರಾದರೂ ಹಗುರವಾಗಿ ಆಡಿದರೆ ನನಗೆ ಸೇರುವುದಿಲ್ಲ. ಪಿಂಚಣಿಯ ದುಡ್ಡಿನಲ್ಲಿ, ಇಂಗ್ಲಿಷ್ ಅಷ್ಟಾಗಿ ಬಾರದ ನಮ್ಮ ಗುಂಪಿನ ಹಿರಿಯರು ಎಡಿನ್‌ಬರೋದ ಬಂಡೆ ಹತ್ತಿದ್ದರೆ ಅದರ ಹಿಂದೆ ಆ ಮರಗೆಲಸದವನ ಶಿಲ್ಲಿಂಗ್ ಲೆಕ್ಕ ಇದೆ.

ಇನ್ನು ವೇಲ್ಸ್. ಇಡೀ ಪ್ರವಾಸದಲ್ಲಿ ನನ್ನ ಮನಸ್ಸು ನೆಟ್ಟದ್ದು ಅಲ್ಲಿ.

ಇಂಗ್ಲೆಂಡಿನ ಮೊದಲನೆಯ ಎಡ್ವರ್ಡ್, 1290ರಲ್ಲಿ ಯಹೂದಿಗಳನ್ನೆಲ್ಲ ದೇಶದಿಂದ ಹೊರಹಾಕಿದವನೇ, ಅದಕ್ಕೆ ಮುಂಚೆ ವೇಲ್ಸನ್ನು ಮುಗಿಸಿದ್ದ. ವೇಲ್ಸ್‌ನ ರಾಜ ಲಿವೆಲಿನ್ 1282ರ ಡಿಸೆಂಬರಿನಲ್ಲಿ ಸತ್ತ. ಅವನ ತಮ್ಮ ಡೇವಿಡ್‌ನನ್ನು ಮರುವರ್ಷ ಷ್ರೂಸ್‌ಬರಿಯಲ್ಲಿ ಅತಿ ಕ್ರೂರವಾಗಿ ಕೊಂದರು. ಕೂಡಲೇ ಕೋಟೆಗಳ ಸರಪಣಿ ಎದ್ದಿತು: ಕಾನ್ವಿ, ಕೈನಾರ್ವನ್, ಹಾರ್ಲೆಕ್, ಕೊನೆಗೆ ಬ್ಯೂಮಾರಿಸ್. ಎಲ್ಲವೂ ಸಮುದ್ರಕ್ಕೋ ನದೀಮುಖಕ್ಕೋ ಅಂಟಿಕೊಂಡಿವೆ. ಸುತ್ತಲ ಹಳ್ಳಿಗಳೆಲ್ಲ ವೈರಿಗಳಾದರೂ ಹಡಗಿನಲ್ಲಿ ದವಸ ಬರಬೇಕು, ಅದಕ್ಕೆ. ಎಲ್ಲಕ್ಕೂ ಯಜಮಾನ ಶಿಲ್ಪಿ ಸವೊಯ್ ಸೀಮೆಯಿಂದ ಬಂದ ಜೇಮ್ಸ್ ಆಫ್ ಸೇಂಟ್ ಜಾರ್ಜ್.

ಕಾನ್ವಿಯಲ್ಲಿ ಕೋಟೆಗೆ ಜಾಗ ಬೇಕಾಗಿ ಎಡ್ವರ್ಡ್ ಒಂದು ಮಠವನ್ನೇ ಎಬ್ಬಿಸಿ ಬೇರೆಡೆಗೆ ಕಳಿಸಿದ. ವೇಲ್ಸ್‌ನ ಮಹಾರಾಜನೆನಿಸಿದ್ದ ಹಿರಿಯ ಲಿವೆಲಿನ್‌ನ ಸಮಾಧಿ ಇದ್ದ ಮಠ ಅದು. 1283ರಿಂದ 1287ರವರೆಗೆ ನಾಲ್ಕೇ ವರ್ಷಗಳಲ್ಲಿ ಎಂಟು ದೊಡ್ಡ ಬುರುಜುಗಳ ಕೋಟೆ, ಅದಕ್ಕೆ ಸೇರಿದಂತೆ 21 ಬುರುಜುಗಳ ಊರಗೋಡೆ ಎದ್ದವು. ಖರ್ಚು ಸುಮಾರು 15,000 ಪೌಂಡ್, ಆ ಕಾಲಕ್ಕೆ ಭಾರೀ ಮೊತ್ತ. ಊರಗೋಡೆಯ ಒಂದು ಕಡೆ ಸಾಲಾಗಿ ಹನ್ನೆರಡು ಪಾಯಖಾನೆಗಳು ಹೊರಚಾಚಿವೆ. ನಮ್ಮ ಗುಂಪಿನ ಮಕ್ಕಳು ಅತಿ ಹೆಚ್ಚು ಫೋಟೊ ತೆಗೆದದ್ದು ಅದನ್ನೇ. ಆ ಗೋಡೆಯೊಳಗೆ ಮನೆ ಕೊಟ್ಟಿದ್ದು ಇಂಗ್ಲೆಂಡಿನಿಂದ ಕರೆತಂದ ಕುಟುಂಬಗಳಿಗೆ. ವೇಲ್ಸಿನವರಿಗೆ ಅಲ್ಲಿ ಮನೆ ಮಾಡುವ, ವ್ಯಾಪಾರ ಮಾಡುವ, ಆಯುಧ ಹಿಡಿಯುವ ಹಕ್ಕಿಲ್ಲ.

ಕಟ್ಟಿದವರು ಯಾರು? ಇಂಗ್ಲೆಂಡಿನ ಜಿಲ್ಲೆ ಜಿಲ್ಲೆಯಿಂದ ಬಲವಂತವಾಗಿ ಹಿಡಿದುತಂದ ಮಣ್ಣಿನ ಕೆಲಸದವರು, ಕಲ್ಲುಕುಟಿಗರು, ಬಡಗಿಗಳು. ದಾರಿಯಲ್ಲಿ ಓಡಿಹೋಗದಂತೆ ಕುದುರೆಯ ಮೇಲೆ ಕಾವಲು ಬರುತ್ತಿತ್ತು. ಬ್ಯೂಮಾರಿಸ್ ಕೆಲಸದ ಬಗ್ಗೆ ಜೇಮ್ಸ್ 1296ರಲ್ಲಿ ಬರೆದ ಕಾಗದ ಉಳಿದುಬಂದಿದೆ: 400 ಕಲ್ಲುಕುಟಿಗರು, 2,000 ಕೂಲಿಗಳು, 200 ಕಲ್ಲುಗಣಿಯವರು, 30 ಮಂದಿ ಕಮ್ಮಾರರು, ಅವರಲ್ಲದೆ ಬಡಗಿಗಳು. ಕೂಲಿ ಬಾಕಿ ಬಿದ್ದಿದೆ, ಹಣ ಕಳಿಸಿರಿ, ಇಲ್ಲದಿದ್ದರೆ ಜನ ನಿಲ್ಲುವುದಿಲ್ಲ ಎಂಬ ಮೊರೆ ಅದು. ಹಣ ಸಾಲಲಿಲ್ಲ, ಬ್ಯೂಮಾರಿಸ್ ಪೂರ್ತಿಯಾಗಲೇ ಇಲ್ಲ. ಅದರ ಬುರುಜುಗಳು ಇವತ್ತಿಗೂ ಅರ್ಧಕ್ಕೆ ನಿಂತಿವೆ. ಕನ್ನಂಬಾಡಿ ಕಟ್ಟೆಯಲ್ಲಿ ಕಲ್ಲು ಹೊತ್ತವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದವರು. ಆ ಕಾಗದದ ಅಂಕಿಗಳನ್ನು ನಕಲು ಮಾಡಿಕೊಳ್ಳುವಾಗ ಆ ಮಕ್ಕಳ ಮುಖಗಳೇ ನೆನಪಿಗೆ ಬಂದವು.

ಕಾನ್ವಿಯ ಬುರುಜಿನ ಮೇಲೆ ನಾನು ಇದನ್ನೆಲ್ಲ ನಮ್ಮವರಿಗೆ ಕನ್ನಡದಲ್ಲಿ ಹೇಳುತ್ತಿದ್ದಾಗ ಮಡಿಕೇರಿಯ ಹಿರಿಯರೊಬ್ಬರು ನಡುವೆ ಮಾತು ತೆಗೆದರು: "ಮೇಡಂ, ನಮ್ಮ ಮಡಿಕೇರಿ ಕೋಟೆನೂ ಹೀಗೇ ಅಲ್ವಾ? ಮೊದಲು ಕಟ್ಟಿದ್ದು ನಮ್ಮ ರಾಜರು, ಸರಿ. ಆದರೆ ಟಿಪ್ಪು ಅದನ್ನ ಕಲ್ಲಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟದ್ದು ನಮ್ಮನ್ನು ಕಾಯೋಕೆ ಅಲ್ಲ, ನಮ್ಮ ಮೇಲೆ ಕಾವಲಿಗೆ." ಅವರು ಹೇಳಿದ್ದು ನಿಜ. ಶ್ರೀರಂಗಪಟ್ಟಣದಲ್ಲಿ ಹೊರಗೆ ನೋಡುವ ಕೋಟೆಯನ್ನು ಬಲಪಡಿಸಿದ ದೊರೆ ಕೊಡಗಿನಲ್ಲಿ ಒಳಗೆ ನೋಡುವ ಕೋಟೆ ಕಟ್ಟಿದ್ದ. ಕಾನ್ವಿಯ ಪುಟದ ಅಂಚಿನಲ್ಲಿ ಮಡಿಕೇರಿ ಎಂದೂ ಬರೆದುಕೊಂಡೆ.

ಇಷ್ಟು ಭದ್ರವಾದ ಕಾನ್ವಿ ಒಂದು ಬೆಳಗಿನಲ್ಲಿ ಬಿತ್ತು. ಇಂಗ್ಲಿಷರ ವಿರುದ್ಧ ಎದ್ದ ವೇಲ್ಸಿನ ಓವೆನ್ ಗ್ಲಿಂಡೂರ್‌ನ ಬಂಡಾಯದ ಕಾಲ. 1401ರ ಏಪ್ರಿಲ್ 1, ಗುಡ್ ಫ್ರೈಡೇ. ಕಾವಲಿನವರಲ್ಲಿ ಹೆಚ್ಚಿನವರು ಊರೊಳಗಿನ ಇಗರ್ಜಿಗೆ ಪ್ರಾರ್ಥನೆಗೆ ಹೋಗಿದ್ದರು. ಆಂಗ್ಲ್‌ಸಿ ದ್ವೀಪದ ಪೆನ್‌ಮೈನಿಥ್‌ನ ಟ್ಯೂಡರ್ ಮನೆತನದ ಅಣ್ಣತಮ್ಮಂದಿರು ರಿಸ್ ಮತ್ತು ಗ್ವಿಲಿಮ್ ಸುಮಾರು 40 ಜನರೊಂದಿಗೆ ಬಂದರು. ಅವರ ಕಡೆಯವನೊಬ್ಬ ಕೆಲಸಕ್ಕೆ ಬಂದ ಬಡಗಿಯೆಂದು ಹೇಳಿಕೊಂಡು ಬಾಗಿಲು ದಾಟಿದ. ಎಂಟು ಬುರುಜು, ಹದಿನೈದು ಸಾವಿರ ಪೌಂಡು, ನಾಲ್ಕು ವರ್ಷದ ಬೆವರು, ಎಲ್ಲಕ್ಕೂ ಒಬ್ಬ ಬಡಗಿಯ ವೇಷ ಸಾಕಾಯಿತು. ಕೊನೆಗೆ ತಮ್ಮವರಲ್ಲೇ ಕೆಲವರನ್ನು ಸಾವಿಗೆ ಒಪ್ಪಿಸಿ ಸೋದರರು ಸಂಧಾನ ಮಾಡಿಕೊಳ್ಳಬೇಕಾಯಿತು, ಅದು ಈ ಕಥೆಯ ಕಹಿ. ಆದರೆ ಅವರ ಮತ್ತೊಬ್ಬ ತಮ್ಮನ ವಂಶದಲ್ಲಿ ಹುಟ್ಟಿದ ಹೆನ್ರಿ ಟ್ಯೂಡರ್ 1485ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇ ಏರಿದ.

ಕೈನಾರ್ವನ್‌ನಲ್ಲಿ ಇನ್ನೂ ದೊಡ್ಡ ತೀರ್ಮಾನವಾಗಿದೆ, ಯುದ್ಧವಿಲ್ಲದೆ. ಬಣ್ಣಬಣ್ಣದ ಕಲ್ಲಿನ ಪಟ್ಟೆಗಳೂ ಮೂಲೆಮೂಲೆಯ ಬುರುಜುಗಳೂ ಇರುವ ಆ ಕೋಟೆಯನ್ನು ಗೆದ್ದವರ ರಾಜಧಾನಿಯೆಂದು ಕಟ್ಟಿದರು. 1969ರಲ್ಲಿ ಚಾರ್ಲ್ಸ್‌ಗೆ ವೇಲ್ಸಿನ ರಾಜಕುಮಾರನ ಪಟ್ಟ ಕಟ್ಟಿದ್ದೂ ಅಲ್ಲೇ. ವೇಲ್ಸಿನವರನ್ನು ಹೊರಗಿಡಲು ಗೋಡೆ ಕಟ್ಟಿದ ಅದೇ ಊರಿನಲ್ಲಿ ಇಂದು ಹತ್ತರಲ್ಲಿ ಎಂಟು ಜನಕ್ಕೂ ಮಿಕ್ಕಿ ವೆಲ್ಷ್ ಮಾತಾಡುತ್ತಾರೆ. ಫಲಕಗಳಲ್ಲಿ ವೆಲ್ಷ್ ಮೇಲೆ, ಇಂಗ್ಲಿಷ್ ಕೆಳಗೆ. ಕೋಟೆ ಬಾಗಿಲಲ್ಲಿ ಟಿಕೆಟ್ ಕೊಡುವ ಹುಡುಗಿ ಪಕ್ಕದವಳೊಡನೆ ಆಡುತ್ತಿದ್ದದ್ದು ಆ ಭಾಷೆಯನ್ನೇ. ಬೆಂಗಳೂರಿನಿಂದ ಬಂದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿರಲಿಲ್ಲ. ಬಸ್ಸಿನಲ್ಲಿ ಆ ಸಂಜೆಯೆಲ್ಲ ಅದೇ ಮಾತು.

ವೆಲ್ಷ್‌ಪೂಲ್ ಬಳಿಯ ಪೋವಿಸ್ ಕೋಟೆ ನಮ್ಮ ಪಟ್ಟಿಯಲ್ಲಿರಲಿಲ್ಲ. ನಾನು ಕೇಳಿಕೊಂಡೆ, ಗುಂಪಿನವರೂ ಒಪ್ಪಿದರು, ಟೂರ್ ಮ್ಯಾನೇಜರ್ ದಾರಿ ಬದಲಿಸಿದರು. ಕೆಂಪು ಮರಳುಗಲ್ಲಿನ ಈ ಕೋಟೆ ಕಟ್ಟಿದ್ದು ಗೆದ್ದವರಲ್ಲ, ವೇಲ್ಸಿನದೇ ಒಂದು ರಾಜಮನೆತನ, 13ನೇ ಶತಮಾನದಲ್ಲಿ. 1587ರಲ್ಲಿ ಹರ್ಬರ್ಟ್ ಮನೆತನಕ್ಕೆ ಬಂತು. ಆ ಮನೆಯ ಮಗಳು ಹೆನ್ರಿಯೆಟಾ ಮದುವೆಯಾದದ್ದು ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್‌ನನ್ನು. ಎಡ್ವರ್ಡ್ 1798ರಲ್ಲಿ ಮದರಾಸಿನ ಗವರ್ನರನಾಗಿ ಬಂದ. ಮರುವರ್ಷವೇ ಶ್ರೀರಂಗಪಟ್ಟಣ ಬಿತ್ತು.

1799ರ ಮೇ 4, ಮಧ್ಯಾಹ್ನ. ನಡುಬೇಸಿಗೆ, ಕಾವೇರಿಯಲ್ಲಿ ನೀರು ಇಳಿದಿತ್ತು. ಗೋಡೆ ಒಡೆದಿದ್ದ ಕಡೆಗೆ ಬ್ರಿಟಿಷ್ ಸೈನ್ಯ ಹೊಳೆ ದಾಟಿ ನುಗ್ಗಿತು. ಮುಂದಾಳು ಡೇವಿಡ್ ಬೇರ್ಡ್, ಹಿಂದೊಮ್ಮೆ ಅದೇ ಕೋಟೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಟಿಪ್ಪು ಹೋರಾಡುತ್ತಲೇ ಸತ್ತ. ಇಡೀ ರಾತ್ರಿ ಊರು ಲೂಟಿಯಾಯಿತು. ಹೊರಗೆ ನೋಡುವ ಕೋಟೆಯೊಳಗೆ ಊರು ಇರುತ್ತದೆ, ಅದು ಬಿದ್ದಾಗ ಊರೂ ಬೀಳುತ್ತದೆ. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಹಂಚಿಕೊಳ್ಳಲೆಂದು ತುಂಡು ಮಾಡಿದರು. ಅದರ ದೊಡ್ಡ ಹುಲಿಯ ತಲೆ ಮತ್ತು ರತ್ನದ ಹುಮಾ ಹಕ್ಕಿ ಇಂಗ್ಲೆಂಡಿನ ರಾಜರಿಗೆ ಸೇರಿ ಇಂದಿಗೂ ವಿಂಡ್ಸರ್ ಕೋಟೆಯಲ್ಲಿವೆ. ಸುತ್ತುಕಟ್ಟಿನ ಪುಟ್ಟ ಹುಲಿತಲೆಗಳಲ್ಲಿ ಒಂದು ಪೋವಿಸ್‌ನಲ್ಲಿದೆ.

ಹೆನ್ರಿಯೆಟಾ 1800ರಲ್ಲಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಮದರಾಸಿನಿಂದ ಬೆಂಗಳೂರಿಗೆ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಂದಳು. ಆಲ್ನಿಕ್‌ನ ಶಾರ್ಲಟ್ ಆ ಮಕ್ಕಳಲ್ಲಿ ಕಿರಿಯವಳು, ದಾರಿಯುದ್ದಕ್ಕೂ ದಿನಚರಿ ಬರೆದವಳು. ಬಿದ್ದ ಕೋಟೆಯನ್ನು ಪ್ರವಾಸಿಗಳಾಗಿ ನೋಡಿದ ಮೊದಲಿಗರಲ್ಲಿ ಈ ತಾಯಿ ಮಕ್ಕಳೂ ಸೇರುತ್ತಾರೆ. ಅವರ ಮನೆಗೆ ಬಂದ ಸಾಮಾನುಗಳಲ್ಲಿ ಟಿಪ್ಪುವಿನ ಡೇರೆಯೂ ಒಂದು. ಹೂದಾನಿಯಿಂದ ಹೂಬಳ್ಳಿ ಎದ್ದು ಹಬ್ಬಿದ ಚಿತ್ತಾರದ ಹತ್ತಿಬಟ್ಟೆ. ಪೋವಿಸ್‌ನ ಹುಲ್ಲುಹಾಸಿನ ಮೇಲೆ ಔತಣಗಳಿಗೆ ಅದನ್ನು ಎತ್ತಿ ಕಟ್ಟುತ್ತಿದ್ದರು. 1952ರಲ್ಲಿ ಕೋಟೆ ನ್ಯಾಷನಲ್ ಟ್ರಸ್ಟ್ ಎಂಬ ಸ್ಮಾರಕ ರಕ್ಷಣಾ ಸಂಸ್ಥೆಗೆ ಸೇರಿತು, 1987ರಲ್ಲಿ ಈ ವಸ್ತುಗಳ ಮ್ಯೂಸಿಯಂ ತೆರೆಯಿತು.

ಟಿಪ್ಪುವಿನ ಬಗ್ಗೆ ನಮ್ಮ ನಾಡಿನಲ್ಲಿ ಒಂದೇ ಮಾತಿಲ್ಲ; ಕೊಡಗಿನ ನೆನಪು ಬೇರೆ, ಮೇಲುಕೋಟೆಯ ನೆನಪು ಬೇರೆ, ನಮ್ಮ ಪಟ್ಟಣದ್ದು ಬೇರೆ. ಆದರೆ ಆ ಮ್ಯೂಸಿಯಂನ ಗಾಜಿನ ಮುಂದೆ ಮಡಿಕೇರಿಯ ಹಿರಿಯರೂ ನಾನೂ ಪಕ್ಕಪಕ್ಕ ನಿಂತು ಬಹಳ ಹೊತ್ತು ನೋಡಿದೆವು. ಜಗಳವಾಡಲು, ಹೆಮ್ಮೆಪಡಲು, ಅಳಲು, ಯಾವುದಕ್ಕಾದರೂ ಅವು ನಮ್ಮ ಸೀಮೆಯ ವಸ್ತುಗಳು.

ಕರ್ಜನ್‌ನ ಕಥೆ ಇಲ್ಲಿ ಹೇಳಬೇಕು. ಭಾರತದ ವೈಸರಾಯ್ ಆಗಿದ್ದಾಗ 1904ರಲ್ಲಿ ಪ್ರಾಚೀನ ಸ್ಮಾರಕ ರಕ್ಷಣೆಯ ಕಾನೂನು ತಂದವನು ಅವನು. ಊರಿಗೆ ಮರಳಿದ ಮೇಲೆ ಲಿಂಕನ್‌ಷೈರಿನ ಟ್ಯಾಟರ್‌ಷಲ್ ಕೋಟೆಯ ಕೆತ್ತನೆಯ ಕಲ್ಲಿನ ಅಗ್ಗಿಷ್ಟಿಕೆಗಳನ್ನು ಕಿತ್ತು ಅಮೆರಿಕಕ್ಕೆ ಸಾಗಿಸಲು ಹೊರಟಿದ್ದಾರೆಂದು ತಿಳಿಯಿತು. 1911ರಲ್ಲಿ ಕೋಟೆಯನ್ನೇ ಕೊಂಡ, ಅಗ್ಗಿಷ್ಟಿಕೆಗಳನ್ನು ಹುಡುಕಿಸಿ ತರಿಸಿ ಮೊದಲಿದ್ದ ಜಾಗದಲ್ಲೇ ಕೂರಿಸಿದ. ಆ ಗಲಾಟೆಯಿಂದಲೇ 1913ರ ಬ್ರಿಟನ್ನಿನ ಸ್ಮಾರಕ ಕಾನೂನಿಗೆ ಬಲ ಬಂತು. ಕಟ್ಟಡದಿಂದ ಕಿತ್ತ ಕಲ್ಲು ಅದೇ ಕಟ್ಟಡಕ್ಕೆ ಮರಳಬೇಕು ಎಂಬ ನ್ಯಾಯ ಅವನಿಗೆ ಚೆನ್ನಾಗಿ ಗೊತ್ತಿತ್ತು. 2021ರ ನವೆಂಬರಿನಲ್ಲಿ ಟಿಪ್ಪು ಸಿಂಹಾಸನದ ಇನ್ನೊಂದು ಹುಲಿತಲೆ ಹೊರದೇಶಕ್ಕೆ ಮಾರಾಟವಾಗುವಂತಾದಾಗ, ಬ್ರಿಟನ್ ಸರ್ಕಾರ ಸುಮಾರು 15 ಲಕ್ಷ ಪೌಂಡ್ ಬೆಲೆಯ ಆ ವಸ್ತು ದೇಶ ಬಿಡದಂತೆ ತಾತ್ಕಾಲಿಕ ತಡೆ ಹಾಕಿತು. ತಮ್ಮ ದೇಶದ ಇತಿಹಾಸಕ್ಕೆ ಅದು ಮುಖ್ಯವೆಂಬುದು ಕಾರಣ. ನಮ್ಮ ಇತಿಹಾಸಕ್ಕೂ ಅಷ್ಟೇ ಮುಖ್ಯ ಎಂದು ಹೇಳುವ ಹಕ್ಕು ನಮಗೆ ಇದೆ.

ಎಲ್ಲವನ್ನೂ ನಾಳೆಯೇ ಮರಳಿಸಿ ಎಂದು ನಾನು ಕೇಳುತ್ತಿಲ್ಲ. ಡೇರೆಯ ಮಾತನ್ನಾದರೂ ಕೇಳಬಹುದು. 2015ರಲ್ಲಿ ಅದು ಪೋವಿಸ್‌ನಿಂದ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಭಾರತದ ಬಟ್ಟೆಗಳ ಪ್ರದರ್ಶನಕ್ಕೆ ಹೋಗಿಬಂತು. ಮೈಸೂರಿನಲ್ಲೋ ನಮ್ಮ ದರಿಯಾ ದೌಲತ್‌ನಲ್ಲೋ ಬೆಳಕು, ತೇವ ಹಿಡಿತದಲ್ಲಿರುವ ಒಂದು ಕೋಣೆ ಕಟ್ಟಿದರೆ ಕೆಲವು ತಿಂಗಳ ಮಟ್ಟಿಗೆ ಇಲ್ಲಿಗೂ ಬರಬಹುದು. ಊರಿಗೆ ಬಂದ ಮೇಲೆ ನ್ಯಾಷನಲ್ ಟ್ರಸ್ಟ್‌ಗೊಂದು, ಇಲ್ಲಿಯ ಪುರಾತತ್ವ ಇಲಾಖೆಗೊಂದು ಕಾಗದ ಬರೆದು ಇದನ್ನೇ ಕೇಳಿದ್ದೇನೆ. ಇಲಾಖೆಗೆ ಬರೆದದ್ದರ ಕೊನೆಯಲ್ಲಿ ಮಡಿಕೇರಿಯ ಹಿರಿಯರೂ ಸಹಿ ಹಾಕಿದ್ದಾರೆ.